ಎಡಗಿವಿಗೆ ಹೇಳಿದ ಮಾತು

"ಚಿತ್ರ ಬರೆಯೋವಾಗ ಯಾವ ಮ್ಯೂಸಿಕ್ ಕೇಳ್ತೀರಾ, ಶೆರ್ಲಿನ್?"

ಮೈಕ್ ಹಿಡಿದು ಪಕ್ಕದಲ್ಲಿ ಕೂತಿದ್ದ ರಾಘವ್ ಕೇಳಿದ.

"ಅಕ್ರಿಲಿಕ್," ಎಂದಳು ಅವಳು ಥಟ್ಟನೆ. "ಆಯಿಲ್ ಪೇಂಟಿನ ವಾಸನೆಗೆ ನಂಗೆ ತಲೆನೋವು ಬರ್ತದೆ."

ಮೆಲ್ಬರ್ನಿನ ಆ ಪುಟ್ಟ ಗ್ಯಾಲರಿಯಲ್ಲಿ ಸೇರಿದ್ದವರೆಲ್ಲ ಗೊಳ್ಳೆಂದು ನಕ್ಕರು!

ಶೆರ್ಲಿನ್ ಸುತ್ತ ನೋಡಿದಳು. ಕೇಳಿದ್ದು ಬಣ್ಣದ ಬಗ್ಗೆ ಅಲ್ಲವಾ? ಮತ್ತೆ ತಪ್ಪು ಕೇಳಿಸಿಕೊಂಡೆನಾ? ದೇವರೇ, ಇಷ್ಟು ಜನರ ಎದುರಿಗೇ...

ನಗದಿದ್ದವನು ರಾಘವ್ ಒಬ್ಬನೇ. ಮೈಸೂರಿನ ಹುಡುಗ. ಊರಾಚೆಯ ಕ್ಲೈಡ್ ನಾರ್ತ್ ಬಡಾವಣೆಯಲ್ಲಿ ಮನೆ, ವಾರವಿಡೀ ಐಟಿ ಕೆಲಸ, ವೀಕೆಂಡ್‌ನಲ್ಲಿ ಕಲಾವಿದರ ಜೊತೆ ಕನ್ನಡ ಪಾಡ್‌ಕಾಸ್ಟ್. ಅವನು ಮೈಕನ್ನು ಎರಡು ಸಲ ತಟ್ಟಿದ. "ಇದು ಕೈಕೊಡ್ತಿದೆ ಕಣ್ರೀ, ತಪ್ಪು ನಂದೇ," ಎಂದು ಕುರ್ಚಿ ತಿರುಗಿಸಿ ಅವಳ ಮುಖಕ್ಕೆ ಮುಖ ಕೊಟ್ಟು ಕೂತ. ಪ್ರಶ್ನೆಯನ್ನು ನಿಧಾನವಾಗಿ ಮತ್ತೆ ಕೇಳಿದ.

ಈ ಸಲ ಅವಳು ಅವನ ತುಟಿ ನೋಡಿದಳು. ಅರ್ಥವಾಯಿತು.

"ಪಪ್ಪನ ಕ್ಲಾರಿನೆಟ್," ಎಂದಳು. "ಮಂಗಳೂರು ಹತ್ರ ಕಿನ್ನಿಗೋಳಿಯಲ್ಲಿ ಪಪ್ಪ ಬ್ಯಾಂಡ್‌ನಲ್ಲಿದ್ರು. ಅಗಸ್ಟಿನ್ ಅಂದ್ರೆ ಊರಿಗೆಲ್ಲ ಗೊತ್ತು. ಅವರ ಬ್ಯಾಂಡ್ ಪ್ರಾಕ್ಟೀಸ್ ಮಾಡಿದ್ದು ನನ್ನ ಫೋನಲ್ಲಿ ಉಂಟು. ಅದು ಹಾಕಿದ್ರೆ ಮಾತ್ರ ನನ್ನ ಕೈ ಓಡ್ತದೆ. ಗೆರೆ ನಾನು ಎಳೆಯುವುದಲ್ಲ... ಪಪ್ಪ ಊದಿದ ಹಾಗೆ ಅದು ಹೋಗ್ತದೆ."

"ಮತ್ತೆ ಈ ಕೋಟು? ಇಡೀ ಮೆಲ್ಬರ್ನ್‌ನಲ್ಲಿ ಹೀಗೆ ಯಾರೂ ಡ್ರೆಸ್ ಮಾಡಲ್ಲ!"

ಅವಳು ತನ್ನ ಕೆಂಪು ಕೋಟಿನ ಹಿತ್ತಾಳೆ ಗುಂಡಿ ಮುಟ್ಟಿಕೊಂಡಳು. ಭುಜದ ಮೇಲೆ ಜರಿ ಪಟ್ಟಿ ಮಾಸಿತ್ತು.

"ಪಪ್ಪನ ಬ್ಯಾಂಡ್ ಕೋಟು ಇದು. ಮದುವೆಗೂ ಇದೇ, ಮರಣಕ್ಕೂ ಇದೇ. ಅವರು ತೀರಿಹೋದ ಮೇಲೆ ಮಮ್ಮಿ ನನ್ನ ಅಳತೆಗೆ ಹೊಲಿದು ಕೊಟ್ರು. ನನ್ನ ಸ್ಟೈಲ್ ಎಲ್ಲಿಂದ ಬಂತು ಅಂತ ಕೇಳಿದ್ರೆ... ಇಷ್ಟೇ."

ಗೋಡೆಯ ತುಂಬ ಅವಳ ಚಿತ್ರಗಳು. ಕೆಂಪು ನೆಲ, ಅದರ ಮೇಲೆ ಏರಿ ಇಳಿದು ಓಡುವ ಹೊಂಬಣ್ಣದ ಗೆರೆಗಳು. ಈಗ ಯಾರೂ ನಗಲಿಲ್ಲ.

ಅವಳು ಹೇಳದೇ ಉಳಿಸಿಕೊಂಡದ್ದು ಒಂದಿತ್ತು.

ಅವಳ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯೂ ಅದೇ ದಾರಿ ಹಿಡಿದಿತ್ತು. ಆಪರೇಷನ್ ಮಾಡಿ ಕಿವಿಯೊಳಗೆ ಯಂತ್ರ ಕೂರಿಸಬಹುದು, ಜನರ ಮಾತು ಅರ್ಥವಾದೀತು, ಆದರೆ ಸಂಗೀತ ಮೊದಲಿನಂತೆ ಕೇಳಿಸುತ್ತದೆ ಎಂದು ಭರವಸೆ ಕೊಡಲಾರೆ ಎಂದಿದ್ದರು ಡಾಕ್ಟರ್. ಈ ವಿಷಯ ಗೊತ್ತಿದ್ದದ್ದು ಸಿಡ್ನಿಯ ಟೂಂಗಾಬಿಯಲ್ಲಿ ಅವಳ ಜೊತೆಗಿದ್ದ ತಾಯಿ ಡೆಲ್ಫಿನ್‌ಗೆ ಮಾತ್ರ.

'ಗೊತ್ತಾದರೆ ಜನ ನನ್ನ ಚಿತ್ರ ನೋಡುವುದಿಲ್ಲ. ಅಯ್ಯೋ ಪಾಪ ಎಂದು ನನ್ನನ್ನು ನೋಡುತ್ತಾರೆ...'

*

ಗ್ಯಾಲರಿಯವರು ಪಕ್ಕದ ಗಲ್ಲಿಯ ಉದ್ದನೆಯ ಗೋಡೆಗೆ ಚಿತ್ರ ಬರೆಯಲು ಅವಳನ್ನೇ ಕೇಳಿದರು. ಹಾಗಾಗಿ ಆ ಚಳಿಗಾಲವೆಲ್ಲ ಶೆರ್ಲಿನ್ ಸಿಡ್ನಿ–ಮೆಲ್ಬರ್ನ್ ಓಡಾಡಿದಳು. ಪ್ರತಿ ಸಲವೂ ಏರ್‌ಪೋರ್ಟ್‌ನಲ್ಲಿ ರಾಘವ್ ಕಾರು ತಂದು ಕಾಯುತ್ತಿದ್ದ.

ಆ ಕಾರು ಅವಳ ಪಾಲಿಗೆ ಸ್ವರ್ಗವಾಯಿತು. ಡ್ರೈವ್ ಮಾಡುವವನು ಬಲಗಡೆ, ಅವಳು ಎಡಗಡೆ. ಅವನ ಮಾತೆಲ್ಲ ನೇರ ಅವಳ ಬಲಗಿವಿಗೇ ಬೀಳುತ್ತಿತ್ತು! ಕಿಟಕಿ ಏರಿಸಿದರೆ ಬೇರೆ ಸದ್ದಿಲ್ಲ. ಅವಳು ಅರಳುತ್ತಿದ್ದಳು, ಕೀಟಲೆ ಮಾಡುತ್ತಿದ್ದಳು, ಪಪ್ಪನ ಕಥೆ ಹೇಳುತ್ತಿದ್ದಳು.

ಕಾರಿನಿಂದಿಳಿದರೆ ಬೇರೆಯೇ ಶೆರ್ಲಿನ್. ಹೋಟೆಲ್‌ನ ಗದ್ದಲದಲ್ಲಿ ಅವನು ಏನೋ ಹೇಳಿದರೆ ಸುಮ್ಮನೆ ತಲೆಯಾಡಿಸುತ್ತಿದ್ದಳು. ಕರೆದರೆ ತಿರುಗುತ್ತಿರಲಿಲ್ಲ.

'ನಾನು ಇವಳಿಗೆ ಬರೀ ಡ್ರೈವರ್ರಾ?' ಎಂದು ಎಷ್ಟೋ ಸಲ ಅನ್ನಿಸಿತ್ತು ರಾಘವ್‌ಗೆ. ಆದರೂ ಮನಸ್ಸು ಕೇಳಲಿಲ್ಲ.

ಗೋಡೆಯ ಕೆಲಸ ಮುಗಿದ ದಿನ ಇಬ್ಬರೂ ಊಟಕ್ಕೆಂದು ಟ್ರಾಮ್ ಹಿಡಿಯಲು ಓಡಿದರು. ಕಣ್ಣೆದುರಿಗೇ ಟ್ರಾಮ್ ಹೊರಟುಹೋಯಿತು. ನಗುತ್ತ, ಏದುಸಿರು ಬಿಡುತ್ತ ಬೆಂಚಿನ ಮೇಲೆ ಕೂತರು. ಗಾಳಿ ಭರ್ರೆಂದು ಬೀಸುತ್ತಿತ್ತು. ರಾಘವ್ ಅವಳ ಎಡಗಡೆಗೆ ಕೂತಿದ್ದ.

ಅವನು ತಲೆ ತಗ್ಗಿಸಿ, ತನ್ನ ಶೂ ನೋಡುತ್ತ ಹೇಳಿದ...

"ಶೆರ್ಲಿನ್, ನಾನು ನಿಮ್ಮನ್ನ ಪ್ರೀತಿಸ್ತೀನಿ. ನೀವು ಹೋಗಿಬಿಟ್ರೆ ನಂಗೆ ಇಲ್ಲಿ ಏನೂ ಉಳಿಯಲ್ಲ."

ಅವಳಿಗೆ ಕೇಳಿಸಿದ್ದು ಗಾಳಿ. ಅವನ ಬಾಡಿದ ಮುಖ ನೋಡಿ, ಟ್ರಾಮ್ ತಪ್ಪಿದ್ದಕ್ಕೆ ಪೇಚಾಡುತ್ತಿದ್ದಾನೆ ಎಂದುಕೊಂಡಳು. ನಕ್ಕು, ಅವನ ತೋಳು ತಟ್ಟಿದಳು.

"ಅಷ್ಟಕ್ಕೆಲ್ಲ ಬೇಜಾರು ಯಾಕೆ ಮಾರಾಯ್ರೆ? ಇದು ಹೋದ್ರೆ ಇನ್ನೊಂದು ಬರ್ತದೆ!"

ರಾಘವ್ ಅವಳನ್ನೇ ನೋಡಿದ. ಊಟದ ಉದ್ದಕ್ಕೂ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಏರ್‌ಪೋರ್ಟ್‌ನಲ್ಲಿ ಬ್ಯಾಗ್ ಇಳಿಸಿಕೊಟ್ಟು, "ಹುಷಾರು" ಎಂದು ಹೊರಟುಹೋದ.

ಆಮೇಲೆ ಅವಳ ಮೆಸೇಜ್‌ಗೆ ಉತ್ತರ ಬರಲಿಲ್ಲ.

*

'ಅವನಿಗೆ ಗೊತ್ತಾಗಿದೆ. ಕಿವುಡಿ ಅಂತ ಗೊತ್ತಾಗಿ ಬಿಟ್ಟು ಹೋದ...'

ಶೆರ್ಲಿನ್ ಹೀಗೇ ನಂಬಿದಳು. ಬೇರೆ ಕಾರಣ ಅವಳಿಗೆ ಹೊಳೆಯಲೇ ಇಲ್ಲ.

ಟೂಂಗಾಬಿಯ ಮನೆಯ ಗ್ಯಾರೇಜೇ ಅವಳ ಸ್ಟುಡಿಯೋ. ಬೆಳಿಗ್ಗೆ ಎದ್ದು ಅಲ್ಲಿ ಹೋಗಿ ಕೂರುತ್ತಿದ್ದಳು, ಫೋನಿನಲ್ಲಿ ಪಪ್ಪನ ಬ್ಯಾಂಡ್ ಹಾಕುತ್ತಿದ್ದಳು. ಕ್ಲಾರಿನೆಟ್‌ನ ಎತ್ತರದ ಸ್ವರಗಳು ಮೊದಲು ಹೋದವು. ಪಪ್ಪ ಮೇಲಕ್ಕೆ ಏರುತ್ತ ಏರುತ್ತ ಇದ್ದಕ್ಕಿದ್ದಂತೆ ಮಾಯವಾಗುತ್ತಿದ್ದರು. ಕೆಳಗಿಳಿದಾಗ ಮತ್ತೆ ಸಿಗುತ್ತಿದ್ದರು. ಒಂದು ದಿನ ಕೆಳಗೂ ಸಿಗಲಿಲ್ಲ. ಡ್ರಮ್ ಮಾತ್ರ ಉಳಿಯಿತು.

ಪಪ್ಪ ಇನ್ನೊಮ್ಮೆ ಸತ್ತ ಹಾಗಾಯಿತು.

ಕುಂಚ ಹಿಡಿದರೆ ಕೈ ಓಡಲಿಲ್ಲ. ಹೊಂಬಣ್ಣ ಡಬ್ಬಿಯಲ್ಲೇ ಒಣಗಿತು. ಕೋಟು ಹಾಕಿಕೊಳ್ಳುವುದನ್ನು ಬಿಟ್ಟಳು.

"ಆಪರೇಷನ್‌ಗೆ ಹೂಂ ಅನ್ನು ಮಗಳೇ," ಎಂದು ಡೆಲ್ಫಿನ್ ಎದುರಿಗೆ ಬಂದು ನಿಂತು ಬೇಡಿಕೊಂಡರು. "ಮಾತಾದ್ರೂ ಕೇಳಿಸ್ತದೆ."

"ಯಾರ ಮಾತು ಕೇಳ್ಲಿಕ್ಕೆ, ಮಮ್ಮಿ?"

ತಾಯಿ ನೈಟಿಯ ತೋಳಿನಲ್ಲೇ ಕಣ್ಣು ಒರೆಸಿಕೊಂಡು ಒಳಗೆ ಹೋದರು.

ಕೊನೆಗೆ ಶೆರ್ಲಿನ್ ನಿರ್ಧರಿಸಿದಳು. ಇನ್ನು ಚಿತ್ರ ಬರೆಯುವುದಿಲ್ಲ. ಇರುವುದನ್ನೆಲ್ಲ ಬೇಕಾದವರಿಗೆ ಕೊಟ್ಟುಬಿಡುವುದು. ಗ್ಯಾಲರಿಯಲ್ಲಿ ರಾಘವ್ ಬಹಳ ಹೊತ್ತು ನಿಂತು ನೋಡಿದ್ದ ಚಿತ್ರವೊಂದಿತ್ತು. ಅವನಿಗೆ ಮೆಸೇಜ್ ಹಾಕಿದಳು. 'ನಾನು ಪೇಂಟಿಂಗ್ ನಿಲ್ಲಿಸಿದೆ. ಆ ಚಿತ್ರ ಬೇಕಿದ್ರೆ ಯಾರನ್ನಾದ್ರೂ ಕಳಿಸಿ.'

ಅವನು ಯಾರನ್ನೂ ಕಳಿಸಲಿಲ್ಲ. ತಾನೇ ಬಂದ.

*

ಶನಿವಾರ ಮಧ್ಯಾಹ್ನ. ಡೆಲ್ಫಿನ್ ಬಾಗಿಲು ತೆರೆದು ಅವನಿಗೆ ಗ್ಯಾರೇಜ್ ತೋರಿಸಿದರು.

ಒಳಗೆ ಬ್ಯಾಂಡಿನ ಸದ್ದು ಕಿವಿ ಒಡೆಯುವಂತಿತ್ತು. ಶೆರ್ಲಿನ್ ಬೆನ್ನು ತಿರುಗಿಸಿ ನೆಲದ ಮೇಲೆ ಕೂತಿದ್ದಳು.

"ಶೆರ್ಲಿನ್..."

ಅವಳು ಅಲುಗಲಿಲ್ಲ.

"ಶೆರ್ಲಿನ್!" ಕೂಗಿಯೇಬಿಟ್ಟ.

ಇಲ್ಲ. ಹತ್ತಿರ ಬಂದು ನೋಡಿದ. ಚೀರುತ್ತಿದ್ದ ಫೋನನ್ನು ಅವಳು ಕೆನ್ನೆಯ ಮೂಳೆಗೆ ಒತ್ತಿ ಹಿಡಿದಿದ್ದಳು. ಕಣ್ಣು ಮುಚ್ಚಿತ್ತು. ನೀರು ಸುರಿಯುತ್ತಿತ್ತು.

"ಸಿಗ್ತಾ ಇಲ್ಲ ಪಪ್ಪ... ನೀವು ಸಿಗ್ತಾ ಇಲ್ಲ..." ಎಂದು ಅವಳು ಅರಚುತ್ತಿದ್ದಳು. ತಾನು ಅರಚುತ್ತಿದ್ದೇನೆಂಬುದೂ ಅವಳಿಗೆ ತಿಳಿದಿರಲಿಲ್ಲ.

ಹೋಟೆಲ್‌ನಲ್ಲಿ ತಿರುಗದ ಮುಖ... ಗ್ಯಾಲರಿಯಲ್ಲಿ ಕೊಟ್ಟ ತಪ್ಪು ಉತ್ತರ... ರಾಘವ್‌ಗೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು.

ಅವನು ಸುತ್ತಿ ಬಂದು ಅವಳೆದುರು ಮಂಡಿಯೂರಿದ. ಅವಳು ಕಣ್ಣು ತೆರೆದು, ಬೆಚ್ಚಿ ಫೋನ್ ಆಫ್ ಮಾಡಿದಳು.

"ಚಿತ್ರ ಅಲ್ಲಿ ಉಂಟು. ತಗೊಂಡು ಹೋಗಿ."

"ನಂಗ್ಯಾಕೆ ಹೇಳ್ಲಿಲ್ಲ?"

"ಗೊತ್ತಾಗಿಯೇ ಅಲ್ವಾ ನೀವು ಬಿಟ್ಟು ಹೋದದ್ದು?"

"ನಂಗೆ ಗೊತ್ತೇ ಇರ್ಲಿಲ್ಲ ಕಣ್ರೀ!" ಅವನು ಒಂದೊಂದೇ ಮಾತನ್ನು ಬಿಡಿಸಿ ಹೇಳಿದ. "ಟ್ರಾಮ್ ಸ್ಟಾಪಲ್ಲಿ ನಾನೇನು ಹೇಳ್ದೆ?"

"ಟ್ರಾಮ್ ಹೋಯ್ತು ಅಂತ... ಅಲ್ವಾ?"

ಅವನಿಗೆ ನಗು ಬಂತೋ ಅಳು ಬಂತೋ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಆಮೇಲೆ ಕೈ ತೆಗೆದ, ಅವಳಿಗೆ ತುಟಿ ಕಾಣಲಿ ಎಂದು.

"ಪ್ರೀತಿಸ್ತೀನಿ ಅಂದೆ. ನೀವು ಹೋದ್ರೆ ಏನೂ ಉಳಿಯಲ್ಲ ಅಂದೆ. ಅದಕ್ಕೆ ನೀವು ನಕ್ಕೊಂಡು, ಇನ್ನೊಂದು ಬರ್ತದೆ ಅಂದ್ರಿ."

ಶೆರ್ಲಿನ್‌ಗೆ ಈಗ ಹೊಳೆಯಿತು. ಆ ಬೆಂಚು, ಆ ಗಾಳಿ, ಅವನ ಬಾಡಿದ ಮುಖ...

"ಅಯ್ಯೋ ದೇವರೇ... ನಾನು ಎಂತ ಹೇಳಿಬಿಟ್ಟೆ!"

ಅವನು ಅವಳ ಕೈ ಹಿಡಿದ. ಅವಳು ಬಿಡಿಸಿಕೊಂಡಳು.

"ಬೇಡ ರಾಘವ್. ಪಪ್ಪ ಆಗ್ಲೇ ಹೋದ್ರು. ಇನ್ನು ಸ್ವಲ್ಪ ಸಮಯಕ್ಕೆ ನಿಮ್ಮ ಸ್ವರವೂ ಹೋಗ್ತದೆ. ಆಮೇಲೆ ಯಂತ್ರ ಹಾಕಿದ್ರೆ ಎಲ್ಲರ ಸ್ವರ ಡಬ್ಬಿ ಒಳಗಿಂದ ಬಂದ ಹಾಗೆ ಅಂತೆ. ಚಿತ್ರ ಬರೆಯುವವಳನ್ನು ನೀವು ಇಷ್ಟಪಟ್ಟದ್ದು. ಅವಳು ಈಗ ಇಲ್ಲ."

"ನೀನು ಮತ್ತೆ ಚಿತ್ರ ಬರೀತೀಯೋ ಇಲ್ವೋ ನಂಗೆ ಗೊತ್ತಿಲ್ಲ," ಎಂದ ರಾಘವ್. 'ನೀವು' ಎನ್ನುವುದು ಅವನಿಗೇ ಅರಿವಿಲ್ಲದೆ ಜಾರಿಹೋಗಿತ್ತು. "ಎಲ್ಲ ಸರಿಹೋಗತ್ತೆ ಅಂತ ಸುಳ್ಳು ಹೇಳಲ್ಲ. ನಂಗೂ ಭಯ ಆಗ್ತಿದೆ. ಆದ್ರೆ ನಾನು ಎದ್ದು ಹೋಗಲ್ಲ ಶೆರ್ಲಿನ್."

ಅವಳು ಮೆಲ್ಲನೆ ಜರುಗಿ, ಬಲಗಿವಿಯನ್ನು ಅವನ ಬಾಯಿಯ ಹತ್ತಿರಕ್ಕೆ ತಂದು, ಅವನ ಭುಜಕ್ಕೆ ತಲೆಯಿಟ್ಟಳು.

"ಹಾಗಾದ್ರೆ ಮಾತಾಡಿ. ಕೇಳಿಸುವಷ್ಟು ದಿನ ನಂಗೆ ನಿಮ್ಮ ಸ್ವರ ಬೇಕು."

"ಏನು ಮಾತಾಡ್ಲಿ?"

"ಎಂತ ಬೇಕಾದ್ರೂ."

"ಬೆಳಿಗ್ಗೆ ಫ್ಲೈಟಲ್ಲಿ ಪಕ್ಕದ ಸೀಟಿನ ಅಜ್ಜಿ ನನ್ನ ಭುಜದ ಮೇಲೇ ಮಲಗಿಬಿಟ್ರು. ಎಬ್ಬಿಸೋಕೆ ಮನಸ್ಸಾಗ್ಲಿಲ್ಲ..."

ಅವನ ಸ್ವರ ಎಲ್ಲೋ ದೂರದಿಂದ, ಅರ್ಧಂಬರ್ಧವಾಗಿ ಬರುತ್ತಿತ್ತು. ಅವಳು ಕಣ್ಣು ಮುಚ್ಚಿ, ಅವನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಮತ್ತೆ?" ಎಂದಳು.