ಮಧ್ಯಾಹ್ನ ಎರಡರ ಸರಪಳಿ

"ನಿಮ್ಮ ಆಟಕ್ಕೊಂದು ಹೊತ್ತುಗೊತ್ತು ಇಲ್ವಾ?"

ಕೆದರಿದ ಕೂದಲು, ಎರಡು ಕಾಲಿಗೆ ಎರಡು ಬಣ್ಣದ ಚಪ್ಪಲಿ... ಅವಳು ಮೂರು ಮಹಡಿ ಇಳಿದು ಕಟ್ಟಡದ ಹಿಂದಿನ ಅಂಗಳಕ್ಕೆ ಬಂದಿದ್ದಳು. ರಾತ್ರಿಯಿಡೀ ವಾರ್ಡಿನಲ್ಲಿ ನಿಂತು ಬೆಳಿಗ್ಗೆ ಒಂಬತ್ತಕ್ಕೆ ಹಾಸಿಗೆಗೆ ಬಿದ್ದ ನರ್ಸ್‌ಗೆ ಮಧ್ಯಾಹ್ನ ಎರಡು ಗಂಟೆಯೆಂದರೆ ನಡುರಾತ್ರಿ. ಇದನ್ನು ಈ ಲೋಕಕ್ಕೆ ಯಾರು ತಿಳಿಸಿ ಹೇಳಬೇಕು?

ಎದುರಿಗಿದ್ದವನು ಕೆಳಮನೆಯ ಬೇಕರಿಯವನು. ಕೈಯಲ್ಲೊಂದು ಕಿತ್ತಳೆ ಬಣ್ಣದ ತಟ್ಟೆ. ಹತ್ತು ಹೆಜ್ಜೆ ಆಚೆ, ಬೇಕಾದಾಗ ಮಡಚಿ ಚೀಲಕ್ಕೆ ತುಂಬಬಹುದಾದ ಒಂದು ಕಂಬ. ಅದರ ಸುತ್ತ ಇಳಿಬಿಟ್ಟ ಸರಪಳಿಗಳು, ಕೆಳಗೊಂದು ಬುಟ್ಟಿ. ತಟ್ಟೆ ಎಸೆಯಬೇಕು, ಅದು ಸರಪಳಿಗೆ ಬಡಿದು ಬುಟ್ಟಿಗೆ ಬೀಳಬೇಕು. ಡಿಸ್ಕ್ ಗಾಲ್ಫ್ ಅಂತೆ. ಬಡಿದಾಗಲೆಲ್ಲ ಝಲ್! ನೇರ ಅವಳ ತಲೆಯೊಳಗೇ ಬಡಿದ ಹಾಗೆ.

"ಬೆಳಗಿನ ಜಾವ ಮೂರಕ್ಕೆ ಎದ್ದು ಹಿಟ್ಟು ನಾದೋನು ನಾನು. ನನಗೆ ಅಂತ ಇರೋದು ಇದೊಂದು ಅರ್ಧ ಗಂಟೆ..."

ಅವನ ಕಣ್ಣುಗಳೂ ಕೆಂಪಗಿದ್ದವು. ಹುಬ್ಬಿನ ಮೇಲೆ ಮೈದಾ ಹಿಟ್ಟು ಹಾಗೇ ಇತ್ತು.

"ನನಗಿರೋದೂ ಇದೊಂದೇ ನಿದ್ದೆ!"

ಹೇಳುತ್ತಲೇ ಕಣ್ಣೊರೆಸಿಕೊಂಡಳು. ಛೇ, ಗುರುತು ಪರಿಚಯ ಇಲ್ಲದವನ ಮುಂದೆ ಅಳೋದಾ! ತಿರುಗಿ ನೋಡದೆ ಮೆಟ್ಟಿಲು ಹತ್ತಿದಳು.

ಹಿಂದಿನ ರಾತ್ರಿ ಒಬ್ಬರ ಮಾತ್ರೆಯನ್ನು ಇನ್ನೊಬ್ಬರ ಕೈಗೆ ಕೊಡುವುದರಲ್ಲಿದ್ದಳು. ಹೆಡ್ ನರ್ಸ್ ಕೈ ಹಿಡಿದು ತಡೆದಿದ್ದರು. "ಇನ್ನೊಂದ್ಸಲ ಹೀಗಾದ್ರೆ ನಿನ್ನನ್ನ ವಾರ್ಡಲ್ಲಿ ಇಟ್ಕೊಳ್ಳಲ್ಲ" ಎಂದಿದ್ದರು. ನಿದ್ದೆ ಇಲ್ಲದಿದ್ದರೆ ಕೆಲಸವೂ ಇಲ್ಲ. ಅಷ್ಟೇ ಲೆಕ್ಕ.

ಮರುದಿನ ಸದ್ದಿಲ್ಲ. ಅದರ ಮರುದಿನವೂ ಇಲ್ಲ. ಸಂಜೆ ಬಾಗಿಲು ತೆಗೆದರೆ ಹಿಡಿಕೆಗೆ ಒಂದು ಚೀಲ, ಒಳಗೊಂದು ಬ್ರೆಡ್. ಚೀಟಿ ಇಲ್ಲ, ಏನಿಲ್ಲ. ದಿನವೂ ಅದೇ.

ಒಮ್ಮೆ ಮೆಟ್ಟಿಲಲ್ಲಿ ಎದುರಾದ. ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟು ಕೇಳಿದ.

"ನಿದ್ದೆ ಬಂತಾ?"

ಊಟ ಆಯ್ತಾ ಎಂದು ಕೇಳುವವರು ಬೇಕಾದಷ್ಟು ಜನ. ನಿದ್ದೆ ಬಂತಾ ಎಂದು ಕೇಳಿದವರು ಯಾರು? ನೆನಪು ಮಾಡಿಕೊಂಡರೂ ಒಬ್ಬರೂ ಸಿಗಲಿಲ್ಲ. ಆ ರಾತ್ರಿ ವಾರ್ಡಿನಲ್ಲಿ ಅವಳು ಕಾರಣವಿಲ್ಲದೆ ಎರಡು ಸಲ ನಕ್ಕಳು. ಹೌದು, ಮನಸ್ಸು ಅವನ ಕಡೆ ವಾಲಿತ್ತು. ಸುಸ್ತಾದ ಮೈಗೆ ಅದೂ ಒಂದು ಹೊಸ ಕೆಲಸ!

ಆದರೆ ಹನ್ನೊಂದನೇ ದಿನ ಕಿಟಕಿಯಿಂದ ಕಂಡದ್ದೇನು? ಬೇಕರಿಯವನು ಚೀಲದ ತುಂಬ ಹೊಸ ಸರಪಳಿ ಹೊತ್ತು ಬರುತ್ತಿದ್ದಾನೆ!

'ಒಂದು ಸಾಲು ಸರಪಳಿಗೇ ನನ್ನ ಜೀವ ಹೋಗಿತ್ತು... ಈಗ ಎರಡು ಸಾಲಾ? ಬ್ರೆಡ್ ಕೊಟ್ಟು ಬಾಯಿ ಮುಚ್ಚಿಸೋ ಉಪಾಯ ಇದು! ನಾನೊಬ್ಬಳು ಪೆದ್ದಿ...'

ಜಗಳವಾಡುವ ಶಕ್ತಿಯೂ ಇರಲಿಲ್ಲ. ಅಂದಿನ ಬ್ರೆಡ್ಡನ್ನು ಅವನ ಬಾಗಿಲಿಗೇ ನೇತುಹಾಕಿ ಬಂದಳು. ತಿಂಗಳ ಕೊನೆಗೆ ಮನೆ ಖಾಲಿ ಮಾಡುವುದಾಗಿ ಓನರ್‌ಗೆ ಫೋನ್ ಮಾಡಿದಳು. ಆಮೇಲೆ ದಿಂಬಿಗೆ ಮುಖ ಒತ್ತಿಕೊಂಡು ಅತ್ತಳು.

ಮರುದಿನ ಮಧ್ಯಾಹ್ನ ಎರಡು ಗಂಟೆ. ಬಾಗಿಲ ಹೊರಗೆ ಯಾರೋ ಪಿಸುಗುಟ್ಟಿದ ಹಾಗಾಯಿತು. ತಟ್ಟನೆ ತೆಗೆದಳು. ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದ ಬೇಕರಿಯವನ ತಾಯಿ ನೇರ ಅವಳ ತೋಳಿಗೇ ಬಿದ್ದರು!

"ಏನಮ್ಮಾ ಇದು? ಕದ್ದು ಕೇಳ್ತಿದೀರಾ?"

"ಅಯ್ಯೋ, ಎಬ್ಬಿಸಿಬಿಟ್ನಾ ಸಿಸ್ಟರ್! ಮೂರು ದಿನದಿಂದ ನನಗೆ ಇದೇ ಡ್ಯೂಟಿ. ಅವನು ಕೆಳಗೆ ತಟ್ಟೆ ಎಸೀತಾನೆ, ನಾನು ಇಲ್ಲಿ ಕಿವಿ ಇಟ್ಟು ಸದ್ದು ಕೇಳಿಸ್ತಾ, ಇಲ್ವಾ ಅಂತ ಫೋನಲ್ಲಿ ಹೇಳ್ಬೇಕು. ಹತ್ತಿ ಇಳಿದು ನನ್ನ ಮಂಡಿ ಹೋಯ್ತು ಕಣಮ್ಮಾ! ನೀನೇ ಬಂದು ಅವನಿಗೆ ಬುದ್ಧಿ ಹೇಳು."

ಅವಳು ಇಳಿದು ಹೋದಳು.

ಕೆಳಮನೆಯ ಹಾಲ್‌ನಲ್ಲಿ ಸೋಫಾ ಗೋಡೆಗೆ ಸರಿದಿತ್ತು. ನಡುವೆ ಅದೇ ಕಂಬ, ಅದರ ಬುಡದಲ್ಲಿ ಹಳೇ ಕಂಬಳಿ. ಒಂದನ್ನು ಬಿಟ್ಟು ಮಿಕ್ಕೆಲ್ಲ ಸರಪಳಿಗೂ ಹಳೇ ಸೈಕಲ್ ಟ್ಯೂಬ್ ತೊಡಿಸಿಯಾಗಿತ್ತು. ಕೈಯಲ್ಲಿ ಕತ್ತರಿ ಹಿಡಿದು ಅವನು ಸಿಕ್ಕಿಬಿದ್ದ ಕಳ್ಳನ ಹಾಗೆ ನಿಂತಿದ್ದ.

"ರಬ್ಬರ್ ಹಾಕಿದ್ರೆ ಸದ್ದಿಲ್ಲ... ಆದ್ರೆ ತಟ್ಟೆ ನಿಲ್ಲಲ್ಲ, ಜಾರಿ ಆಚೆ ಹೋಗುತ್ತೆ. ಅದಕ್ಕೇ ಒಳಗೆ ಇನ್ನೊಂದು ಸಾಲು ಹಾಕ್ತಿದೀನಿ."

ಅವಳು ಸೋಫಾದ ಅಂಚಿಗೆ ಕುಳಿತಳು.

"ಒಂದ್ಸಲ ಬೆಲ್ ಮಾಡಿ ಹೇಳ್ಬಹುದಿತ್ತಲ್ಲ?"

"ಯಾವಾಗ ಮಾಡ್ಲಿ? ನಾನು ಬರುವಾಗ ನೀವು ಮಲಗಿರ್ತೀರಿ. ನೀವು ಏಳುವಾಗ ನಾನು ಮಲಗಿರ್ತೀನಿ. ಬ್ರೆಡ್ ವಾಪಸ್ ಬಂತು... ಸೀದು ಹೋಗಿತ್ತೇನೋ ಅಂದ್ಕೊಂಡೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ನಾನು ಮನೆ ಖಾಲಿ ಮಾಡ್ತೀನಿ ಅಂತ ಓನರ್‌ಗೆ ಹೇಳ್ಬಿಟ್ಟಿದೀನಿ..."

ಅವನ ಕೈಯಿಂದ ಕತ್ತರಿ ಜಾರಿತು. ಅವಳೆದುರು ನೆಲಕ್ಕೇ ಕೂತ.

"ನೋಡಿ, ಸುತ್ತಿ ಬಳಸಿ ಹೇಳೋಷ್ಟು ಶಕ್ತಿ ನನ್ನಲ್ಲಿಲ್ಲ, ಮೂರಕ್ಕೆ ಎದ್ದಿದೀನಿ. ನನಗೆ ನೀವಂದ್ರೆ ಇಷ್ಟ. ಹೋಗ್ಬೇಡಿ."

ಮೆಟ್ಟಿಲಲ್ಲಿ ಅವನ ತಾಯಿ ಏದುಸಿರು ಬಿಡುತ್ತ ಇಳಿಯುವುದು ಕೇಳಿಸುತ್ತಿತ್ತು. ಅವರು ಬೇಕೆಂದೇ ನಿಧಾನ ಮಾಡುತ್ತಿದ್ದರೋ, ಮಂಡಿ ನೋವೋ, ಯಾರಿಗೆ ಗೊತ್ತು!

"ಸಂಜೆ ಎದ್ದ ಮೇಲೆ ಓನರ್‌ಗೆ ಫೋನ್ ಮಾಡ್ತೀನಿ" ಎಂದಳು ಅವಳು. ಕಣ್ಣು ಒರೆಸಿಕೊಂಡು, ಇನ್ನೂ ಟ್ಯೂಬ್ ತೊಡಿಸದೆ ಉಳಿದಿದ್ದ ಕೊನೆಯ ಸರಪಳಿಯನ್ನು ಬೆರಳಲ್ಲಿ ಹಿಡಿದಳು. "ಇದೊಂದಕ್ಕೆ ರಬ್ಬರ್ ಹಾಕ್ಬೇಡಿ."

"ಯಾಕೆ? ಸದ್ದಾಗುತ್ತಲ್ಲ!"

"ಆಗ್ಲಿ. ನೀವು ಮನೆಗೆ ಬಂದ್ರಿ ಅಂತ ನನಗೆ ಗೊತ್ತಾಗ್ಬೇಕಲ್ಲ..."

"ನಿದ್ದೆ ಕೆಟ್ರೆ?"

"ಮಗ್ಗಲು ಬದಲಾಯಿಸಿ ಮತ್ತೆ ಮಲಗ್ತೀನಿ" ಎಂದಳು ಅವಳು.