ಬಾಲದ ಗಾಡಿಯ ದನಿ

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲರ ಸುಮಾರಿಗೆ ಔಷಧಿ ಅಂಗಡಿಯವನು ಠಾಣೆಗೆ ಬಂದ. ಆಗಷ್ಟೇ ನೆಲ ಒರೆಸಿದ್ದರು. ಒದ್ದೆ ನೆಲದ ಮೇಲೆ ಕಾಲಿಡಲೋ ಬೇಡವೋ ಎಂದು ಬಾಗಿಲಲ್ಲೇ ನಿಂತ.

"ಬನ್ನಿ ಬನ್ನಿ. ಅದು ಒಣಗೋವರೆಗೆ ಕಾದ್ರೆ ಮಧ್ಯಾಹ್ನ ಆಗುತ್ತೆ" ಎಂದ ದಫೇದಾರ.

ಒಳಗೆ ಬಂದವನು ಕೂರಲಿಲ್ಲ. ಮೇಜಿನ ಅಂಚು ಹಿಡಿದುಕೊಂಡು ನಿಂತೇ ಹೇಳಿದ.

"ನನ್ನ ಹೆಂಡ್ತಿ ಭುಜದ ಮೂಳೆ ಮುರಿದಿದೆ. ಯಾರಿಂದ ಮುರೀತು ಅಂತ ನನಗೆ ಗೊತ್ತು. ಬರ್ಕೊಳ್ಳಿ."

ಇನ್‌ಸ್ಪೆಕ್ಟರ್ ತಮ್ಮ ಕೋಣೆಯಿಂದ ಹೊರಗೆ ಬಂದು ಕುರ್ಚಿ ಎಳೆದು ಎದುರಿಗೆ ಕೂತರು. ಹೆಂಗಸು, ಈ ಠಾಣೆಗೆ ಬಂದು ಬಹಳ ಕಾಲವಾಗಿರಲಿಲ್ಲ. ಕೇಳುವುದು ಕಡಿಮೆ, ಕಾಯುವುದು ಹೆಚ್ಚು ಎಂದು ಅಷ್ಟರಲ್ಲೇ ಹೆಸರಾಗಿತ್ತು.

"ಹೊಡೆದಾಟವಾ?"

"ಅಲ್ಲ ಮೇಡಂ. ಬೆಟ್ಟದಲ್ಲಿ ನಮ್ಮ ಗಾಡಿ ಮಗುಚ್ತು. ದಾರಿ ತಪ್ಪಿಸಿದವನ ಮೇಲೆ ನನ್ನ ದೂರು."

ಊರಲ್ಲಿ ಜೀಪು ಇಟ್ಟುಕೊಂಡವರ ಒಂದು ಗುಂಪಿತ್ತು. ಮಳೆ ನಿಂತ ಮೇಲೆ ವರ್ಷಕ್ಕೊಮ್ಮೆ ಎಲ್ಲರೂ ಸಾಲಾಗಿ ಹೊರಟು, ರಸ್ತೆಯೇ ಇಲ್ಲದ ಕಡೆ ಬೆಟ್ಟ ಹತ್ತಿ, ಟೆಂಟ್ ಹಾಕಿ, ಒಂದು ರಾತ್ರಿ ಇದ್ದು ಬರುತ್ತಿದ್ದರು. ಈ ಸಲ ಶನಿವಾರ ಹೊರಟಿದ್ದರು. ಒಟ್ಟು ಆರು ಗಾಡಿ, ಗಾಡಿಗೊಂದು ವಾಕಿಟಾಕಿ. ಈ ವರ್ಷ ಮೊದಲ ಸಲ ಬೆಟ್ಟದ ನೆತ್ತಿ ದಾಟಿ ಆಚೆ ಬದಿಯಲ್ಲಿ ಟೆಂಟ್ ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದರು. ನೆತ್ತಿಯ ಕೆಳಗಿನ ಕವಲಿಗೆ ಮುಂದಿನ ಗಾಡಿ ತಲುಪಿದಾಗ ಮಧ್ಯಾಹ್ನ ಮೂರೂವರೆ. ಆಗ ಸೆಟ್‌ನಲ್ಲಿ ಮಾತು ಬಂತು.

"ಏನಂತ ಬಂತು? ಅದೇ ಮಾತಲ್ಲಿ ಹೇಳಿ."

"'ಬಾಲ ಮಾತಾಡ್ತಿದೀನಿ. ಆಚೆ ಇಳಿಜಾರಲ್ಲಿ ಮಣ್ಣು ಕುಸಿದಿದೆಯಂತೆ, ಅರಣ್ಯದ ಗಾರ್ಡ್ ಸಿಕ್ಕಿ ಹೇಳಿದ. ಎಡಕ್ಕೆ ತಿರುಗಿ. ಈಚೆ ಹುಲ್ಲುಗಾವಲಲ್ಲೇ ಟೆಂಟ್ ಹಾಕಿ.' ಇಷ್ಟೇ."

"ಬಾಲ ಅಂದ್ರೆ?"

"ಕೊನೇ ಗಾಡಿ. ಆಸ್ಪತ್ರೆ ಆಂಬುಲೆನ್ಸ್ ಓಡಿಸ್ತಾನಲ್ಲ, ಅವನು."

ಎಡಕ್ಕೆ ತಿರುಗಿದ ಹಾದಿಯಲ್ಲಿ ಒಂದು ತೊರೆ ಅಡ್ಡ ಬರುತ್ತಿತ್ತು. ಮೊದಲೆರಡು ಗಾಡಿ ಹೇಗೋ ದಾಟಿದವು. ಮೂರನೆಯದು ಔಷಧಿ ಅಂಗಡಿಯವನದು. ಉರುಳುಗಲ್ಲಿನ ಮೇಲೆ ಚಕ್ರ ಜಾರಿ ಗಾಡಿ ಮಗ್ಗುಲಾಯಿತು. ಮಣ್ಣು ಎಲ್ಲಿಯೂ ಕುಸಿದಿರಲಿಲ್ಲ ಎಂದು ಮರುದಿನ ಗೊತ್ತಾಯಿತು. ಯಾವ ಗಾರ್ಡೂ ಆ ದಿನ ಆ ಕಡೆ ಹೋಗಿರಲಿಲ್ಲ.

ಆಂಬುಲೆನ್ಸ್ ಚಾಲಕನ ಹೆಸರಿಗೆ ಎಫ್‌ಐಆರ್ ದಾಖಲಾಯಿತು. ಸುಳ್ಳು ಸುದ್ದಿ ಹೇಳಿ ಜೀವಕ್ಕೆ ಅಪಾಯ ತಂದದ್ದು.

ಗುಂಪಿನ ಮುಂದಾಳು ಗ್ಯಾರೇಜ್ ಮೇಸ್ತ್ರಿ. ಅವನ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಬೆಟ್ಟ ಇನ್ನೂ ಅಳಿಸಿರಲಿಲ್ಲ. ಯಾವ ತಿರುವಲ್ಲಿ ನಿಲ್ಲುವುದು, ನೀರಿನ ಕ್ಯಾನು ಯಾರ ಗಾಡಿಯಲ್ಲಿ, ದೊಡ್ಡ ಟೆಂಟ್ ಯಾರದು, ಎಲ್ಲಿ ಸಿಗ್ನಲ್ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ, ಎಲ್ಲಕ್ಕೂ ಒಂದೊಂದು ಗುರುತು. ಬೆಟ್ಟದ ಅರ್ಧದಲ್ಲಿ ಒಂದು ಕಡೆ ಕತ್ತರಿ ಗುರುತು ಹಾಕಿತ್ತು.

"ಇದೇನು?"

"ಹಳ್ಳ ಮೇಡಂ. ಆಳ. ಅಲ್ಲಿಗೆ ಇಳಿದ್ರೆ ಸೆಟ್ ಸತ್ತ ಹಾಗೆ."

"ಸೆಟ್‌ನಲ್ಲಿ ಯಾಕೆ ಹೆಸರು ಹೇಳಲ್ಲ ನೀವು?"

"ನಮ್ಮಲ್ಲಿ ಗಾಡಿಗೇ ಮಾತು. ಮುಂದಿರೋನು ತಲೆ. ಆಮೇಲೆ ಎರಡು, ಮೂರು, ನಾಲ್ಕು, ಐದು. ಕೊನೇಗೆ ಬಾಲ. ಆ ದಿನ ಆ ಗಾಡೀಲಿ ಯಾರೇ ಕೂತಿರಲಿ, ಅದೇ ಅವರ ಹೆಸರು."

"ಹೊಟ್ಟೆ ಯಾರು?" ಎಂದ ದಫೇದಾರ.

"ಅಡುಗೆ ಸಾಮಾನು ಇರೋ ಗಾಡಿ. ನಾಲ್ಕು." ಮೇಸ್ತ್ರಿ ನಗಲಿಲ್ಲ.

"ಬಾಲ ಹೇಳಿದ ತಕ್ಷಣ ತಿರುಗಿಬಿಟ್ರಾ? ವಾಪಸ್ ಕೇಳಲಿಲ್ವಾ?"

"ಬಾಲದ ಮಾತಿಗೆ ಎದುರು ಕೇಳಬಾರದು ಅಂತ ಕಟ್ಟಳೆ. ಹಿಂದೆ ಯಾರು ಉಳಿದರು, ಏನಾಯ್ತು ಅನ್ನೋದು ಅವನೊಬ್ಬನಿಗೇ ಗೊತ್ತಿರುತ್ತೆ. ಅವನು ನಿಲ್ಲು ಅಂದ್ರೆ ನಿಲ್ಲಬೇಕು, ತಿರುಗು ಅಂದ್ರೆ ತಿರುಗಬೇಕು."

"ಯಾರು ಮಾಡಿದ ಕಟ್ಟಳೆ?"

"ಅಣ್ಣ. ಅಂದ್ರೆ ಈ ಆಂಬುಲೆನ್ಸ್ ಹುಡುಗನ ಅಪ್ಪ. ನಾವೆಲ್ಲ ಅವರ ಹಿಂದೆ ಮುಂದೆ ಓಡಾಡಿ ಕಲಿತೋರು. ಕಣ್ಣು ಹೋದ ಮೇಲೆ ಗಾಡಿ ಮಗನಿಗೆ ಕೊಟ್ರು." ಮೇಸ್ತ್ರಿ ಗೋಡೆಯ ಬೆಟ್ಟದ ಮೇಲೆ ಬೆರಳಿಟ್ಟು ಮುಂದುವರಿಸಿದ. "ಈ ಸಲ ಸಭೆಗೂ ಬಂದಿದ್ರು. ಈಚೆ ಕಡೆನೇ ಟೆಂಟ್ ಹಾಕ್ರಪ್ಪಾ ಅಂದ್ರು. ಆಚೆ ನೆಲ ಸಮ ಇದೆ, ನೀರಿದೆ, ಯಾರಾದ್ರೂ ಬಿಡ್ತಾರಾ? ಆಯ್ತಣ್ಣ ಆಯ್ತಣ್ಣ ಅಂತ ನಕ್ಕು ಸುಮ್ಮನಾದ್ವಿ."

ಅಪಘಾತವಾದ ಮೇಲೆ ಏನಾಯಿತು ಎಂದು ಇನ್‌ಸ್ಪೆಕ್ಟರ್ ಕೇಳಿದರು. ಗಾಯಾಳುವನ್ನು ಬಾಲದ ಗಾಡಿಯಲ್ಲೇ ಮಲಗಿಸಿ ಕೆಳಗೆ ಕರೆದೊಯ್ದರು, ಉಳಿದವರೂ ಅಲ್ಲಿರಲು ಮನಸ್ಸಾಗದೆ ಹಿಂದೆಯೇ ಇಳಿದು ಬಂದರು ಎಂದ ಮೇಸ್ತ್ರಿ. ಆ ಮೇಲೆ ಯಾರೂ ಸೆಟ್ ಮುಟ್ಟಲಿಲ್ಲ.

ಚಾಲಕ ಆಸ್ಪತ್ರೆಯ ಹಿಂದೆ ಆಂಬುಲೆನ್ಸ್ ತೊಳೆಯುತ್ತಿದ್ದ. ಪೊಲೀಸರನ್ನು ನೋಡಿ ಕೊಳಾಯಿ ನಿಲ್ಲಿಸಿದ. ಇವರು ಬಾಯಿ ತೆರೆಯುವ ಮೊದಲೇ ಹೇಳಿದ.

"ಹೌದು. ನಾನೇ ಹೇಳಿದ್ದು."

"ಗಾರ್ಡ್ ಎಲ್ಲಿ ಸಿಕ್ಕಿದ?"

"ಕೆಳಗೆ."

"ಕೆಳಗೆ ಎಲ್ಲಿ?"

"ಹಳ್ಳದ ಹತ್ರ."

"ದಪ್ಪಗಿದ್ದನಾ, ಸಣ್ಣಗಿದ್ದನಾ?"

ಚಾಲಕ ಚಿಂದಿ ಬಟ್ಟೆ ಎತ್ತಿಕೊಂಡು, ಆಗಲೇ ತೊಳೆದಿದ್ದ ಚಕ್ರವನ್ನು ಮತ್ತೆ ಒರೆಸತೊಡಗಿದ.

"ಕೇಸು ನಿಂತ್ರೆ ಆಸ್ಪತ್ರೆಯವರು ನಿನ್ನನ್ನ ಇಟ್ಕೊಳ್ಳಲ್ಲ. ಗೊತ್ತು ತಾನೆ?"

"ಗೊತ್ತು ಮೇಡಂ."

"ಮನೇಲಿ ದುಡಿಯೋರು ಯಾರು?"

"ನಾನೊಬ್ಬನೇ."

"ಆದ್ರೂ ನೀನೇ ಹೇಳಿದ್ದು."

"ನಾನೇ."

ಜೀಪಿಗೆ ಹತ್ತುವಾಗ ದಫೇದಾರ ಹೇಳಿದ, "ನನ್ನ ಸರ್ವೀಸಲ್ಲಿ ಕೇಳೋ ಮುಂಚೆ ಒಪ್ಪಿಕೊಂಡವನು ಇವನೊಬ್ಬನೇ ಮೇಡಂ. ಹಾರ ಹಾಕಬೇಕು."

"ಅದಕ್ಕೇ ನಂಬಿಕೆ ಬರ್ತಿಲ್ಲ."

ಐದನೇ ಗಾಡಿ ಶಾಲೆಯ ಟೀಚರದು. ಆಕೆ ತರಗತಿಯ ಬಾಗಿಲು ಎಳೆದುಕೊಂಡು ಮೊಗಸಾಲೆಗೆ ಬಂದು ಮಾತಾಡಿದಳು.

"ಹಳ್ಳದಲ್ಲಿ ನನ್ನ ಗಾಡಿ ಟೈರು ಹರೀತು. ಬಾಲ ಯಾರನ್ನೂ ಬಿಟ್ಟು ಹೋಗೋ ಹಾಗಿಲ್ವಲ್ಲ, ಅವನೂ ನಿಂತ. ಜಾಕ್ ಕೊಟ್ಟು ಗಾಡಿ ಅಡಿಗೆ ಹೋದೋನು ಮುಗಿಸಿಯೇ ಎದ್ದದ್ದು. ಮೂರಕ್ಕೆ ಮುಂಚೆ ಶುರುಮಾಡಿದ್ದು, ನಾಲ್ಕು ಆಗಿತ್ತು."

"ಅವನ ಸೆಟ್?"

"ನನ್ನ ಕೈಲಿತ್ತು. ಕೈಯೆಲ್ಲ ಗ್ರೀಸು, ನೀವೇ ಹಿಡ್ಕೊಳ್ಳಿ ಟೀಚರ್ ಅಂದ. ಅದರಲ್ಲಿ ಒಂದು ಪಿಟಕ್ ಅನ್ನೋ ಸದ್ದೂ ಇರಲಿಲ್ಲ."

"ಇದನ್ನ ಯಾಕೆ ಮೊದಲೇ ಹೇಳಲಿಲ್ಲ?"

"ಅವನೇ ಬೇಡ ಅಂದ ಮೇಡಂ. ಮುಖ ನೋಡಿದ್ರೆ ಯಾಕೆ ಅಂತ ಕೇಳೋಕಾಗಲಿಲ್ಲ."

ಬುಧವಾರ ಬೆಳಿಗ್ಗೆ ಮೇಸ್ತ್ರಿಯ ಜೀಪಿನಲ್ಲಿ ಬೆಟ್ಟ ಹತ್ತಿದರು. ತೊರೆಯಲ್ಲಿ ಇಬ್ಬರು ಪಂಚರ ಎದುರು ಸ್ಥಳ ಪಂಚನಾಮೆ ಆಯಿತು. ಹಳ್ಳದಲ್ಲಿ ಒಬ್ಬ ಕಾನ್‌ಸ್ಟೇಬಲ್‌ನನ್ನು ಸೆಟ್ ಕೊಟ್ಟು ನಿಲ್ಲಿಸಿ ಬಂದಿದ್ದರು. ಗಂಟಲು ಹರಿಯುವ ಹಾಗೆ ಕೂಗುತ್ತಿರು ಎಂದು ಅವನಿಗೆ ಹೇಳಿತ್ತು. ಕವಲಿನಲ್ಲಿ ನಿಂತವರಿಗೆ ಅವನ ಒಂದಕ್ಷರವೂ ಕೇಳಲಿಲ್ಲ. ಇದನ್ನೂ ಪಂಚನಾಮೆಯಲ್ಲಿ ಬರೆದರು.

ಇನ್‌ಸ್ಪೆಕ್ಟರ್ ಕವಲಿನ ತುದಿಗೆ ಹೋಗಿ ಕೆಳಗೆ ನೋಡಿದರು. ಊರು ಪೂರಾ ಕಾಣುತ್ತಿತ್ತು. ಮನೆಗಳ ತಾರಸಿ, ನೀರಿನ ಟ್ಯಾಂಕು, ಒಣಗಲು ಹಾಕಿದ ಬಟ್ಟೆ. ಮೇಸ್ತ್ರಿಯಿಂದ ಸೆಟ್ ಇಸಿದುಕೊಂಡು ಶನಿವಾರದ ಚಾನಲ್‌ಗೆ ತಿರುಗಿಸಿ ಗುಂಡಿ ಒತ್ತಿದರು.

"ತಲೆ ಕರೀತಿದೀನಿ. ಯಾರಾದ್ರೂ ಕೇಳಿಸ್ಕೊಳ್ತಿದೀರಾ?"

ಗುಂಡಿ ಬಿಟ್ಟು ಮುಗಿಯುವ ಮೊದಲೇ ಉತ್ತರ ಬಂತು.

"ಬಾಲ ಇದೀನಿ. ಹೇಳಿ, ಹೇಳಿ. ಹೊಸಬರಾ? ಎಲ್ಲಿದೀರಿ?"

ಮೇಸ್ತ್ರಿ ಕೂತಲ್ಲಿಂದ ಎದ್ದು ನಿಂತ. ಆಂಬುಲೆನ್ಸ್ ಚಾಲಕನದೇ ದನಿ. ಆದರೆ ಆ ಹೊತ್ತಿಗೆ ಚಾಲಕ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ; ದಫೇದಾರ ಬೆಳಿಗ್ಗೆಯೇ ವಿಚಾರಿಸಿಕೊಂಡಿದ್ದ.

"ಕವಲಲ್ಲಿದೀವಿ" ಎಂದರು ಇನ್‌ಸ್ಪೆಕ್ಟರ್.

"ಕವಲಲ್ಲಾ? ಈ ಹೊತ್ತಲ್ಲಿ ಅಲ್ಲಿ ಗಾಳಿ ಚೆನ್ನಾಗಿರುತ್ತೆ. ಎಡಗಡೆ ಒಂದು ಒಂಟಿ ಮರ ಇದೆ ನೋಡಿ. ಇದೆಯಾ?"

ಇನ್‌ಸ್ಪೆಕ್ಟರ್ ಎಡಕ್ಕೆ ತಿರುಗಿದರು. ಗರಗಸ ಬಿದ್ದು ಎಷ್ಟೋ ಕಾಲವಾಗಿ ಕಪ್ಪಾದ ಬುಡ ಮಾತ್ರ ಇತ್ತು.

"ಇದೆ" ಎಂದರು.

"ಅದರಡಿ ನಿಂತು ಮಾತಾಡಿ. ದನಿ ಸ್ಪಷ್ಟ ಬರುತ್ತೆ."

ಮೇಸ್ತ್ರಿ ಮುಖ ಆ ಕಡೆ ತಿರುಗಿಸಿಕೊಂಡ. "ಅಣ್ಣ" ಎಂದ, ಯಾರಿಗೂ ಅಲ್ಲದ ಹಾಗೆ.

ಅಣ್ಣನ ಮನೆ ಊರೊಳಗೆ ಸೈಕಲ್ ಅಂಗಡಿಯ ಮೇಲಿತ್ತು. ತಾರಸಿಯಲ್ಲಿ ನೀರಿನ ಟ್ಯಾಂಕಿಗೆ ಒಂದು ಕಬ್ಬಿಣದ ಕೊಳವೆ ಬಿಗಿದು, ಅದರ ತುದಿಗೆ ಆಂಟೆನಾ ಕಟ್ಟಿತ್ತು. ಕೆಳಗೆ ಬೆತ್ತದ ಕುರ್ಚಿಯಲ್ಲಿ ಮುದುಕ ಕೂತಿದ್ದ. ಮುಖ ಬೆಟ್ಟದ ಕಡೆಗೇ ಇತ್ತು, ಅದು ಕಾಣುತ್ತಿದ್ದವರ ಹಾಗೆ. ಪಕ್ಕದ ಸ್ಟೂಲಿನ ಮೇಲೆ ಹಳೆಯ ಸೆಟ್.

"ಮಾವ, ಯಾರೋ ಬಂದಿದಾರೆ. ಪೊಲೀಸಿನೋರು" ಎಂದಳು ಸೊಸೆ.

"ಕೂತ್ಕೊಳ್ಳಲಿ. ಆಗಲೇ ಕವಲಿಂದ ಮಾತಾಡಿದ್ದು ನೀವೇ ಅಲ್ವಾ? ದನಿ ಗೊತ್ತಾಯ್ತು."

"ನಾನು 'ಯಾರೋ' ಅಂದಿದ್ದೇ ದಂಡ" ಎಂದು ಸೊಸೆ ಗೊಣಗಿ, ಬಟ್ಟೆ ಮಡಚುವುದನ್ನು ಬಿಟ್ಟು ಅಲ್ಲೇ ನಿಂತಳು.

ಇನ್‌ಸ್ಪೆಕ್ಟರ್ ಸುತ್ತು ಬಳಸಲಿಲ್ಲ.

"ಶನಿವಾರ ಅವರನ್ನ ಎಡಕ್ಕೆ ತಿರುಗಿಸಿದ್ದು ನೀವಾ?"

"ಹೌದು."

"ಮಗನ ಹಾಗೆ ಮಾತಾಡಿದ್ರಾ?"

"ಬಾಲ ಅಂದೆ. ದನಿ ಅವನದೂ ನಂದೂ ಒಂದೇ ಥರ. ಹಳ್ಳಕ್ಕೆ ಇಳೀತಿದೀನಿ ಅಂತ ಅವನು ಹೇಳಿದ್ದು ಕೇಳಿಸ್ತು. ಮತ್ತೆ ಮಾತಿಲ್ಲ. ಅಲ್ಲಿಂದ ಮೇಲೇಳೋವರೆಗೆ ಅವನಿಗೂ ಕೇಳಲ್ಲ ಅಂತ ಗೊತ್ತಿತ್ತು."

"ಯಾಕೆ ತಿರುಗಿಸಿದ್ರಿ?"

"ನೆತ್ತಿ ದಾಟಿದ್ರೆ ಇಲ್ಲಿಗೆ ಒಂದು ಮಾತೂ ಬರಲ್ಲ ತಾಯಿ. ಬೆಟ್ಟ ಅಡ್ಡ ಬರುತ್ತೆ. ಹುಲ್ಲುಗಾವಲು ಈಚೆ ಕಡೆ." ಮುದುಕ ಸೆಟ್ ಮೇಲೆ ಕೈಯಿಟ್ಟ. "ಆದ್ರೂ ಏನೂ ಕೇಳಲಿಲ್ಲ ಅವತ್ತು. ಬ್ಯಾಟರಿ ಮುಗಿದಿತ್ತಂತೆ ಎಲ್ರದೂ. ಟೆಂಟ್ ಚೆನ್ನಾಗಿತ್ತು, ಎಲ್ಲ ಹಾಡಿದ್ರು ಅಂದ ಮಗ."

ಸೊಸೆ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಆ ಕಡೆ ಹೋದಳು. ದಫೇದಾರ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಹೇಳುವ ಕೆಲಸ ಇನ್‌ಸ್ಪೆಕ್ಟರ್ ಪಾಲಿಗೇ ಬಂತು. ಗಾಡಿ ಮಗುಚಿದ್ದು, ಹೆಂಗಸಿನ ಮೂಳೆ ಮುರಿದದ್ದು, ದೂರು, ಮಗನ ಹೆಸರಿಗಾದ ಎಫ್‌ಐಆರ್, ಮಗ ಒಪ್ಪಿಕೊಂಡದ್ದು. ಮುದುಕ ಅಲುಗಾಡದೆ ಕೇಳಿದ.

"ತೊರೆಯಲ್ಲಿ ಚಪ್ಪಡಿ ಇದೆಯಲ್ಲ. ನಾವೇ ಹಾಸಿದ್ದು. ಕಣ್ಣು ಮುಚ್ಕೊಂಡು ದಾಟಬಹುದು."

"ಅದು ಕೊಚ್ಚಿಹೋಗಿ ಎರಡು ಮಳೆಗಾಲ ಆಯ್ತಂತೆ."

"ನನಗೆ ಯಾರೂ ಹೇಳಲಿಲ್ಲ" ಎಂದ ಮುದುಕ. ದೂರುವ ದನಿಯಲ್ಲಲ್ಲ. ಆಮೇಲೆ ಕೇಳಿದ, "ಆಯಮ್ಮ ಕೈ ಎತ್ತೋ ಹಾಗಾಗುತ್ತಾ?"

"ಆಗುತ್ತೆ ಅಂದಿದಾರೆ ಡಾಕ್ಟರು. ದಿನ ಹಿಡಿಯುತ್ತೆ."

ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಊರಿಗೆ ಮರಳಿದ ಮಗ ಸುದ್ದಿ ತಿಳಿದು ಓಡಿ ಬಂದಿದ್ದ.

"ನಾನು ಒಪ್ಕೊಂಡಿದ್ನಲ್ಲ ಮೇಡಂ. ಅಷ್ಟಕ್ಕೇ ಮುಗಿಸಬಹುದಿತ್ತಲ್ಲ."

"ಸುಮ್ನಿರೋ" ಎಂದ ಮುದುಕ. "ನೀನು ಸುಳ್ಳು ಹೇಳೋದು ಯಾವಾಗ ಕಲಿತೆ? ಹಾಡಿದ್ರಂತೆ. ಹಾಡಿದ್ರು ಅಂತ ನಾನು ನಾಲ್ಕು ದಿನದಿಂದ ಖುಷಿಯಾಗಿದೀನಿ."

"ಮತ್ತೇನು ಹೇಳಲಿ ಅಪ್ಪಾ?"

"ನಿಜ ಹೇಳಬೇಕಿತ್ತು. ಅಂಗಿ ತಗೊಂಡು ಬಾ. ಠಾಣೆಗೆ ಹೋಗೋದು ಬನಿಯನ್ ಹಾಕ್ಕೊಂಡಾ?"

ಮಧ್ಯಾಹ್ನ ಎರಡು ಗಂಟೆಗೆ ಬಂಧನವಾಯಿತು. ಸೆಟ್ಟು, ಆಂಟೆನಾ ಜಪ್ತಿಯಾದವು. ಮಗನ ಹೆಸರನ್ನು ಪ್ರಕರಣದಿಂದ ಕೈಬಿಡಲು ವರದಿ ಬರೆದು ಮೇಲಕ್ಕೆ ಕಳಿಸಿದರು. ಠಾಣೆಯಲ್ಲೇ ಜಾಮೀನು ಕೊಡಬಹುದಾದ ಅಪರಾಧ. ಹೊಣೆಗೆ ಸಹಿ ಹಾಕಲು ಮೇಸ್ತ್ರಿ ಕರೆಯುವ ಮೊದಲೇ ಬಂದು ಬೆಂಚಿನ ಮೇಲೆ ಕೂತಿದ್ದ. ಔಷಧಿ ಅಂಗಡಿಯವನೂ ಬಂದಿದ್ದ. ದೂರು ಹಿಂದಕ್ಕೆ ತಗೊಳ್ಳಲ್ಲ ಎಂದು, ಯಾರೂ ಕೇಳದಿದ್ದರೂ, ಎರಡು ಸಲ ಹೇಳಿದ. "ತಗೋಬೇಡಪ್ಪ" ಎಂದ ಮುದುಕ.

ಹೇಳಿಕೆ ಬರೆದುಕೊಳ್ಳುವಾಗ ಕೊನೆಯಲ್ಲಿ ಇನ್‌ಸ್ಪೆಕ್ಟರ್ ಒಂದು ಮಾತು ಕೇಳಿದರು. ಅಲ್ಲಿಂದ ಏನು ಕೇಳಬೇಕೆಂದು ಅಷ್ಟೊಂದು ಆಸೆಪಟ್ಟಿರಿ?

"ದೊಡ್ಡ ಮಾತೇನಿಲ್ಲ. ಅನ್ನ ಸೀದಿದೆ ಅಂತ ಒಬ್ಬ ಬೈತಾನೆ, ನಿನ್ನ ಗೊರಕೆಗೆ ಟೆಂಟ್ ಹಾರುತ್ತೆ ಅಂತ ಇನ್ನೊಬ್ಬ. ಟೆಂಟಿಂದ ಟೆಂಟಿಗೆ ಸೆಟ್‌ನಲ್ಲೇ ಮಾತು, ಎಲ್ಲ ಕೇಳುತ್ತೆ. ಮಲಗೋ ಮುಂಚೆ ತಲೆ ಎಲ್ಲರನ್ನೂ ಕರೀತಾನೆ, ಅವರವರ ಟೆಂಟಿಂದಲೇ ಉತ್ತರ ಕೊಡ್ತಾರೆ. ಎರಡು, ಮೂರು, ನಾಲ್ಕು. ಕೊನೇಗೆ ಬಾಲ ಅಂತಾನೆ. ಮಗ 'ಇದೀನಿ' ಅಂತಾನೆ."

ದಫೇದಾರನ ಪೆನ್ನು ನಿಂತಿತು. ಮುದುಕ ತಗ್ಗಿದ ದನಿಯಲ್ಲಿ ಮುಂದಿನದನ್ನೂ ಹೇಳಿದ.

"ಕಣ್ಣು ಹೋದ ಮೇಲೆ ಪ್ರತಿ ವರ್ಷ ನಾನೂ ಅವನ ಜೊತೆಗೇ 'ಇದೀನಿ' ಅಂತಿದ್ದೆ. ಗುಂಡಿ ಒತ್ತುತ್ತಿರಲಿಲ್ಲ."

ಇನ್‌ಸ್ಪೆಕ್ಟರ್ ತಲೆಯಾಡಿಸಿದ ಮೇಲೆ ದಫೇದಾರ ಅದನ್ನೂ ಬರೆದುಕೊಂಡ.