ಎರಡು ಅಲೆಗಳ ನಡುವೆ ಒಂದು ಹೂಂ

"ನನ್ನ ಬಣ್ಣ ಎಲ್ಲಿ?"

ಹೊಸಬನ ಮೇಜಿನ ಮುಂದೆ ನಿಂತು ಅವಳು ಆಡಿದ ಮೊದಲ ಮಾತು ಅದು.

ನೀರಿನ ಪಂಪಿನ ಕಂಪನಿಯಲ್ಲಿ ಅವಳು ಕೈಪಿಡಿ ಬರೆಯುವವಳು. ಒಂಬತ್ತು ವರ್ಷ ಬಣ್ಣ, ಚೌಕಟ್ಟು, ನೆರಳು ಹಾಕಿ ಹಾಕಿ ಆ ಕೈಪಿಡಿಯನ್ನು ಎಷ್ಟು ಭಾರ ಮಾಡಿದ್ದಳೆಂದರೆ, ಫೈಲು ತೆರೆದ ಕೂಡಲೇ ಕಚೇರಿಯ ಫ್ಯಾನುಗಳು ನಿಧಾನವಾಗುತ್ತಿದ್ದವು. ಮೂರನೇ ಮಹಡಿಯವರು ಬೆವರು ಒರೆಸಿಕೊಂಡು, "ಮೇಡಂ ಕೆಲಸ ಶುರು ಮಾಡಿದ್ರು" ಎನ್ನುತ್ತಿದ್ದರು. ಬೇಕಾದರೆ ಅವರನ್ನೇ ಕೇಳಿ.

ಹೊಸಬ ಒಂದೇ ದಿನದಲ್ಲಿ ಅದನ್ನು ಬರೀ ಅಕ್ಷರ ಮಾಡಿಟ್ಟಿದ್ದ.

"ಇನ್ಮೇಲೆ ಗುರುತು ಹಾಕಿದ್ರೆ ಸಾಕು, ಮೇಡಂ. ಶೀರ್ಷಿಕೆಗೆ ಮುಂದೊಂದು ಹ್ಯಾಶ್. ಓರೆ ಅಕ್ಷರಕ್ಕೆ ಪದದ ಆಚೆ ಈಚೆ ಒಂದೊಂದು ಸ್ಟಾರ್, ದಪ್ಪಕ್ಕೆ ಎರಡೆರಡು. ಪುಟ ಮಾಡೋದು ಕಂಪ್ಯೂಟರ್ ಕೆಲಸ."

"ಇದು ಕೈಪಿಡಿನಾ, ಬೆಕ್ಕು ಕೀಬೋರ್ಡ್ ಮೇಲೆ ನಡೆದಿದ್ದಾ?"

"ಒಂದು ವಾರ ನೋಡಿ. ಆಮೇಲೆ ಬೈರಿ."

ಬೈಯುವುದಕ್ಕೆಂದೇ ದಿನಾ ಹೋದಳು. ವಾರ ಎಂಟು ತಿಂಗಳಾಯಿತು. ಅಷ್ಟರಲ್ಲಿ ಎಲ್ಲರೂ ಅವನನ್ನು ಸ್ಟಾರ್ ಸರ್ ಎನ್ನತೊಡಗಿದ್ದರು.

ಬಣ್ಣವಿಲ್ಲದ ಫೈಲಿನಲ್ಲಿ ಅವಳಿಗೆ ತನ್ನ ವಾಕ್ಯಗಳು ಮೊದಲ ಸಲ ಕಂಡವು. ಎಷ್ಟೋ ವಾಕ್ಯಗಳು ಬರೀ ಕೆಂಪು ಶಾಯಿಯ ಬಲದ ಮೇಲೆ ನಿಂತಿದ್ದವು. ಅವನ ಮಾತಿಗೂ ಬಣ್ಣವಿರಲಿಲ್ಲ. ಆದರೆ ಆಡಿದ್ದು ನಿಲ್ಲುತ್ತಿತ್ತು.

ಇಂಥವರು ಮನಸ್ಸಲ್ಲಿರೋದನ್ನ ಯಾವತ್ತಾದ್ರೂ ಹೇಳ್ತಾರಾ...

ಹೇಳಿದ. ಒಂದು ಸೋಮವಾರ ಫೈಲಿನ ಕೊನೆಯಲ್ಲಿ, 'ಪಂಪು ಕೆಟ್ಟರೆ' ಎಂಬ ಅಧ್ಯಾಯದ ಕೆಳಗೆ ಒಂದು ಸಾಲು ಕೂತಿತ್ತು: ನಾವು ಮದುವೆ ಆಗೋಣವಾ?

ಅವಳು ಕೆಳಗೆ 'ಹೂಂ' ಎಂದು ಬರೆದಳು. ಬೋಳಾಗಿ ಕಂಡಿತು. ಇಂಥ ದಿನಕ್ಕಾದರೂ ಚೂರು ಅಲಂಕಾರ ಬೇಡವೇ? ಹೇಗೂ ನೀರಿನ ಪಂಪಿನ ಪುಸ್ತಕ ಎಂದು ಆಚೆ ಈಚೆ ಎರಡೆರಡು ಪುಟ್ಟ ಅಲೆ ಹಾಕಿದಳು.

~~ಹೂಂ~~

ಅವನು ಬರಲಿಲ್ಲ. ಮಂಗಳವಾರ ಎದುರು ಸಿಕ್ಕರೂ ತಲೆ ತಗ್ಗಿಸಿ ಹೋದ. ಬುಧವಾರ ಸುದ್ದಿ ಬಂತು: ದೂರದ ಶಾಖೆಗೆ ವರ್ಗ ಕೇಳಿದ್ದಾನೆ, ಶುಕ್ರವಾರ ಸಂಜೆ ಹೊರಡುತ್ತಾನೆ.

ಕೇಳಿಬಿಟ್ಟು ಓಡಿಹೋಗೋದಾ... ಹೂಂ ಅಂದಿದ್ದೇ ತಪ್ಪಾಯ್ತಾ?

ಅವಳೂ ಕೇಳಲಿಲ್ಲ. ಒಂಬತ್ತು ವರ್ಷದ ಬಿಗುಮಾನ.

ಶುಕ್ರವಾರ ಮಧ್ಯಾಹ್ನ, ಪ್ರೂಫ್ ನೋಡುವ ಅಕ್ಕ ಅಚ್ಚಾದ ಹಾಳೆಗಳನ್ನು ಹಿಡಿದು ಬಂದರು. ಅವರು ಕನ್ನಡಕ ಏರಿಸಿದರೆ ತಪ್ಪುಗಳು ತಾವಾಗಿಯೇ ಎದ್ದು ನಿಲ್ಲುತ್ತವೆ ಎಂದು ಪ್ರತೀತಿ.

"ಲೇ, ಕೊನೇ ಪುಟದಲ್ಲಿ ಮದುವೆ ಇದೆ. ಪಂಪ್ ತಗೊಂಡೋರಿಗೆ ಇದೂ ಉಚಿತನಾ?"

ಆ ಸಾಲನ್ನು ಅಳಿಸಲು ಅವನಿಗೆ ಕೈ ಬಂದಿರಲಿಲ್ಲ.

"ಅದಿರಲಿ. ಹೂಂ ಅಂತ ಬರೆದು ಯಾಕಮ್ಮಾ ಹೊಡೆದು ಹಾಕ್ದೆ?"

"ನಾನೆಲ್ಲಿ ಹೊಡೆದು ಹಾಕ್ದೆ, ಅಕ್ಕಾ?"

ಅಕ್ಕ ಹಾಳೆ ತಿರುಗಿಸಿ ತೋರಿಸಿದರು. ಅಲೆಗಳಿರಲಿಲ್ಲ. 'ಹೂಂ' ನಡುವೆ ಒಂದು ಕರಿ ಗೆರೆ ನೆಟ್ಟಗೆ ಹಾದುಹೋಗಿತ್ತು.

ತನ್ನ ಮೇಜಿನ ಬಳಿ ಅವನು ಕೀಬೋರ್ಡನ್ನು ಚೀಲಕ್ಕೆ ತುರುಕುತ್ತಿದ್ದ. ಅವಳು ಏದುಸಿರು ಬಿಡುತ್ತ ಬಂದು ನಿಂತಳು.

"ಅದು ಅಲೆ..."

"ಯಾವುದು, ಮೇಡಂ?"

"ನಾನು ಹಾಕಿದ್ದು ಅಲೆ. ಚಂದಕ್ಕೆ."

ಅವನು ಫೈಲು ತೆರೆದ. ಬರೀ ಅಕ್ಷರದಲ್ಲಿ ನೋಡಿದ. 'ಹೂಂ' ಆಚೆ ಈಚೆ ಎರಡೆರಡು ಅಲೆ.

"ನಾನು ಕಂಪ್ಯೂಟರ್ ಮಾಡಿದ ಪುಟ ಮಾತ್ರ ನೋಡ್ದೆ," ಎಂದ ಮೆಲ್ಲಗೆ. "ಈ ಗುರುತು ಹಾಕಿದ್ರೆ ಅದು ಪದದ ಮೇಲೆ ಗೆರೆ ಎಳೆಯುತ್ತೆ. ಹೊಡೆದು ಹಾಕಿದೆ ಅಂತ ಅರ್ಥ."

"ನೀವು ಇದನ್ನ ಹೇಳಿಕೊಡ್ಲಿಲ್ಲ."

"ನೀವು ಬರೆದಿದ್ದು ಯಾವುದನ್ನೂ ಹೊಡೆದು ಹಾಕೋ ಹಾಗಿರಲ್ಲ, ಅದಕ್ಕೆ."

ಅವಳು ಅವನ ಕುರ್ಚಿಯಲ್ಲಿ ಕುಳಿತು ನಾಲ್ಕೂ ಅಲೆಗಳನ್ನು ಅಳಿಸಿದಳು. 'ಹೂಂ' ಮುಂದೆ ಎರಡು ಸ್ಟಾರ್ ಹಾಕಿ ಕೈ ತೆಗೆದಳು.

"ಇನ್ನೊಂದು ಕಡೆನೂ ಹಾಕ್ಬೇಕು. ಒಂದೇ ಕಡೆ ಹಾಕಿದ್ರೆ ದಪ್ಪ ಆಗಲ್ಲ."

"ಗೊತ್ತು," ಎಂದಳು. "ಆ ಕಡೆದು ನೀವು ಹಾಕಿ."